ಬ್ಯಾಗ್ ಫಿಲ್ಟರ್ ಆರ್ಡರ್‌ನಲ್ಲಿ ‘ಮಂಡಳಿಯ ಮಾನದಂಡದಂತೆ’ ಅಂತ ಬರೆಸಿಕೊಂಡು ಸುಮ್ಮನಾಗಬೇಡಿ

ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿ, ತಾಸಿಗೆ 2 ಟನ್ ಕಬ್ಬಿಣ ಕರಗಿಸುವ ಕುಪೋಲಾ (ಕೋಕ್ ಕುಲುಮೆ). ಅದಕ್ಕೆ ಹೊರಗಿನ ಊರಿನ ಸಪ್ಲೈಯರ್ ಒಬ್ಬನಿಂದ ಹೊಗೆಯ ದೂಳನ್ನು ಬಟ್ಟೆ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಹಾಕಿಸಿದರು. ಈಗ ಶೇ. 90ರಷ್ಟು ಹಣ ಕೊಟ್ಟಾಗಿದೆ, ಚಿಮಣಿಯ ದೂಳು ಕನ್ಸೆಂಟ್ (ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ) ಮಿತಿ ದಾಟುತ್ತಿದೆ, ಸಪ್ಲೈಯರ್ ಮಾತ್ರ ‘ಆರ್ಡರ್ ಪ್ರಕಾರ ಎಲ್ಲಾ ಕೊಟ್ಟೀವಿ’ ಅನ್ನುತ್ತಾನೆ. ಆರ್ಡರ್ ಕಾಪಿ ತೆಗೆದು ಓದಿದರೆ ಅವನ ಮಾತು ಪೂರಾ ಸುಳ್ಳಲ್ಲ. ಯಾರ ಹೆಸರೂ ಇಲ್ಲಿ ಬೇಡ. ಆರ್ಡರ್‌ನ ಯಾವ ಸಾಲು ಕೈಕೊಟ್ಟಿತು ಎಂಬುದಷ್ಟೇ ಉದ್ಯಮಬಾಗ, ಮಚ್ಛೆ ಕಡೆ ಹೊಸದಾಗಿ ಆರ್ಡರ್ ಕೊಡುವವರಿಗೆ ಗೊತ್ತಾಗಲಿ.

ಗ್ಯಾರಂಟಿ ಅಂತ ಅದರಲ್ಲಿ ಇದ್ದದ್ದು ಒಂದೇ ಸಾಲು: ‘ಹೊರಸೂಸುವಿಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಇರುತ್ತದೆ.’ ಯಾವ ಮಾನದಂಡ? ಪರಿಸರ ಸಂರಕ್ಷಣಾ ನಿಯಮಗಳ ಅನುಸೂಚಿಯಲ್ಲಿ ತಾಸಿಗೆ 3 ಟನ್ನಿಗಿಂತ ಕಡಿಮೆ ಕರಗಿಸುವ ಕುಪೋಲಾಗೆ ದೂಳಿನ ಮಿತಿ ನಾರ್ಮಲ್ ಘನ ಮೀಟರಿಗೆ (25 ಡಿಗ್ರಿ, ಸಮುದ್ರಮಟ್ಟದ ಒತ್ತಡದ ಲೆಕ್ಕಕ್ಕೆ ತಂದ ಗಾಳಿ) 450 ಮಿಲಿಗ್ರಾಂ. 3 ಟನ್ ಮತ್ತು ಅದಕ್ಕೂ ಮೇಲಿನದಕ್ಕೆ 150. ಆದರೆ ರಾಜ್ಯ ಮಂಡಳಿ ಕನ್ಸೆಂಟ್ ಕೊಡುವಾಗ ಇದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು, ಈ ಫೌಂಡ್ರಿಗೆ 150 ಅಂತಲೇ ಹಾಕಿತ್ತು. ಚಿಮಣಿಯ ದೂಳು ಅಳೆಯುವ ಸ್ಟ್ಯಾಕ್ ಟೆಸ್ಟಿನಲ್ಲಿ ಬಂದದ್ದು 290. ಸಪ್ಲೈಯರ್ ಅನುಸೂಚಿ ತೋರಿಸಿ ‘450ರ ಒಳಗೇ ಇದೆ, ಪಾಸ್’ ಅಂದ. ಮಂಡಳಿಯವರು ಕನ್ಸೆಂಟ್ ಪತ್ರ ತೋರಿಸಿ ನೋಟಿಸ್ ಕೊಟ್ಟರು. ಇಬ್ಬರದೂ ಅವರವರ ಲೆಕ್ಕಕ್ಕೆ ಸರಿಯೇ, ನಡುವೆ ಸಿಕ್ಕವನು ಮಾಲೀಕ. 1981ರ ವಾಯು ಕಾಯ್ದೆಯ 31ಎ ಕಲಂನಡಿ ಘಟಕ ಮುಚ್ಚಲು, ಕರೆಂಟ್ ಕಡಿಯಲು ಆದೇಶ ಬಂದರೆ ಅದು ಬರುವುದು ಫೌಂಡ್ರಿಗೆ. ಮಷಿನ್ ಮಾಡಿಕೊಟ್ಟವನಿಗೆ ಅಲ್ಲ.

ಆದ್ದರಿಂದ ಗ್ಯಾರಂಟಿ ಸಾಲಿನಲ್ಲಿ ಸಂಖ್ಯೆಯೇ ಇರಬೇಕು, ಅದೂ ನಿಮ್ಮ ಕನ್ಸೆಂಟ್ ಪತ್ರದ ಸಂಖ್ಯೆ. ಮಿತಿ 150 ಇದ್ದರೆ ಗ್ಯಾರಂಟಿ 100ಕ್ಕೆ ಕೇಳಿ. ಸರಿಯಾಗಿ ಮಾಡಿದ ಬ್ಯಾಗ್ ಫಿಲ್ಟರ್‌ಗೆ 50 ಕೂಡ ಕಷ್ಟವಲ್ಲ, ಹಿಂದೆಮುಂದೆ ನೋಡುವ ಸಪ್ಲೈಯರ್ ಬಗ್ಗೆ ಅಲ್ಲೇ ಸಂಶಯಪಡಬೇಕು.

ಸಂಖ್ಯೆಯೊಂದೇ ಸಾಲದು, ಯಾವ ಸ್ಥಿತಿಯಲ್ಲಿ ಆ ಸಂಖ್ಯೆ ಅನ್ನುವುದೂ ಬೇಕು. ಇಲ್ಲಿ ‘ಸಾಮರ್ಥ್ಯ ತಾಸಿಗೆ 12,000 ಘನ ಮೀಟರ್’ ಅಂತ ಇತ್ತು. ಬಿಸಿ ಗಾಳಿಯ ಅಳತೆಯೋ, 25 ಡಿಗ್ರಿಗೆ ಇಳಿಸಿದ ನಾರ್ಮಲ್ ಅಳತೆಯೋ ಬರೆದಿರಲಿಲ್ಲ. ಫಿಲ್ಟರ್ ಬಾಯಲ್ಲಿ ಗಾಳಿ 120 ಡಿಗ್ರಿ ಇದ್ದರೆ 12,000 ಅನ್ನುವುದು 25 ಡಿಗ್ರಿಯ ಲೆಕ್ಕದಲ್ಲಿ ಸುಮಾರು 9,100 ಅಷ್ಟೇ. ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇ. 8–9ರಷ್ಟು ಕಡಿಮೆ. ಅದನ್ನೂ ಸೇರಿಸಿದರೆ 8,300ರ ಆಸುಪಾಸಿಗೆ ಬರುತ್ತದೆ. ಬ್ಲೋವರ್‌ನ ಎಳೆತವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಕರಾವಳಿಗೆ ಮಾಡಿದ ಡ್ರಾಯಿಂಗನ್ನು ಹಾಗೇ ಇಲ್ಲಿಗೆ ಕಳಿಸಿದರೆ ಕುಪೋಲಾಗೆ ಮಾಲು ಸುರಿಯುವ ಚಾರ್ಜಿಂಗ್ ಬಾಗಿಲಲ್ಲಿ ಹೊಗೆ ಹೊರಗೆ ಉಕ್ಕುವುದು ಇದಕ್ಕೇ. ಗಾಳಿಯ ಪ್ರಮಾಣ, ಉಷ್ಣಾಂಶ, ಒಳಬರುವ ದೂಳಿನ ಪ್ರಮಾಣ, ಊರಿನ ಎತ್ತರ ಈ ನಾಲ್ಕೂ ಗ್ಯಾರಂಟಿ ಸಾಲಿನ ಪಕ್ಕದಲ್ಲೇ ಇರಲಿ.

ಬಟ್ಟೆಯ ವಿಷಯದಲ್ಲಿ ‘ಅಗತ್ಯವಿರುವಷ್ಟು ಬ್ಯಾಗ್’ ಅಂತ ಬರೆದಿದ್ದರು. ಲೆಕ್ಕ ಸರಳವಾದದ್ದು. ತಾಸಿಗೆ 12,000 ಅಂದರೆ ನಿಮಿಷಕ್ಕೆ 200 ಘನ ಮೀಟರ್. ಕುಪೋಲಾದ ದೂಳು ಬಹಳ ಸಣ್ಣದು, ಬಟ್ಟೆಯಲ್ಲಿ ಗಾಳಿಯ ವೇಗ ನಿಮಿಷಕ್ಕೆ 1ರಿಂದ 1.2 ಮೀಟರ್ ಮೀರಬಾರದು. ಅಂದಮೇಲೆ ಕನಿಷ್ಠ 167 ಚದರ ಮೀಟರ್ ಬಟ್ಟೆ ಬೇಕು. 150 ಮಿ.ಮೀ. ವ್ಯಾಸದ, 3 ಮೀಟರ್ ಉದ್ದದ ಒಂದು ಬ್ಯಾಗಿನಲ್ಲಿ 1.41 ಚದರ ಮೀಟರ್ ಸಿಗುತ್ತದೆ, ಹಾಗಾಗಿ 120 ಬ್ಯಾಗ್. ಬಂದದ್ದು 80. ವೇಗ 1.77ಕ್ಕೆ ಏರಿತು, ದೂಳು ಬಟ್ಟೆಯೊಳಗೆ ಹೊಕ್ಕು ಕೂತಿತು, ಬ್ಯಾಗ್ ಝಾಡಿಸುವ ಪಲ್ಸ್ ಗಾಳಿ ಎಷ್ಟು ಹೊಡೆದರೂ ಉದುರಲಿಲ್ಲ. ಬಟ್ಟೆಯ ಎರಡು ಬದಿಯ ಒತ್ತಡ ವ್ಯತ್ಯಾಸ ತೋರಿಸುವ ಮಾನೋಮೀಟರ್ 120 ಮಿ.ಮೀ. ನೀರಿನ ಮಟ್ಟದಲ್ಲಿ ನಿಲ್ಲಬೇಕಾದದ್ದು 220 ದಾಟಿತು. ಬ್ಯಾಗಿನ ಸಂಖ್ಯೆ, ಅಳತೆ, ಒಟ್ಟು ಬಟ್ಟೆ, ಗರಿಷ್ಠ ಒತ್ತಡ ವ್ಯತ್ಯಾಸ ಇಷ್ಟನ್ನೂ ಆರ್ಡರ್‌ನಲ್ಲಿ ಬರೆಸಿ. ‘ಕನಿಷ್ಠ’ ಅನ್ನುವ ಪದ ಮರೆಯಬೇಡಿ.

ಇನ್ನು ಬ್ಯಾಗ್ ಸುಟ್ಟ ವಿಷಯ. ಪಾಲಿಯೆಸ್ಟರ್ ಬಟ್ಟೆ ಸತತವಾಗಿ ತಡೆಯುವುದು 130 ಡಿಗ್ರಿ. ಮೆಲ್ಟ್ ನಡುವೆ ಇದರಿಂದ ತೊಂದರೆ ಇಲ್ಲ, ಏಕೆಂದರೆ ಮೇಲೆ ತಣ್ಣನೆ ಚಾರ್ಜ್ (ಸುರಿದ ಕಬ್ಬಿಣ, ಕೋಕ್) ಇರುತ್ತದೆ. ಕೊನೆಯ ಚಾರ್ಜ್ ಹಾಕಿಯಾದ ಮೇಲೆ ಒಳಗಿನ ಮಟ್ಟ ಇಳಿಯುತ್ತಾ ಹೋದಂತೆ ಹೊಗೆಯ ಬಿಸಿ ಒಮ್ಮೆಲೇ ಏರುತ್ತದೆ, ಕಿಡಿಗಳೂ ಹಾರುತ್ತವೆ. ಬಿಚ್ಚಿ ನೋಡಿದಾಗ ಕಿಡಿ ಮೊದಲು ತಾಗುವ ಸಾಲಿನ ಬ್ಯಾಗುಗಳ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು, ಅಂಚು ಕರಗಿ ಗಟ್ಟಿಯಾಗಿತ್ತು. ಸಪ್ಲೈಯರ್ ಹೇಳಿದ್ದು: ಗ್ಯಾರಂಟಿ ಇರುವುದು ‘ಸಾಮಾನ್ಯ ಕಾರ್ಯಸ್ಥಿತಿ’ಗೆ, ಇದು ದುರ್ಬಳಕೆ, ಮೇಲಾಗಿ ಬ್ಯಾಗ್ ಕನ್ಸ್ಯೂಮೆಬಲ್, ವಾರಂಟಿಗೆ ಬರುವುದಿಲ್ಲ. ಕುಪೋಲಾ ಇಟ್ಟುಕೊಂಡವರಿಗೆ ಕೊನೆಯ ಚಾರ್ಜ್ ದಿನಾ ಇದ್ದೇ ಇರುತ್ತದಲ್ಲ! ‘ಚಾರ್ಜಿಂಗ್, ಪೂರ್ಣ ಬ್ಲಾಸ್ಟ್, ಬಾಟಂ ಡ್ರಾಪ್‌ವರೆಗಿನ (ತಳ ತೆರೆದು ಕುಪೋಲಾ ಖಾಲಿ ಮಾಡುವತನಕ) ಕೊನೆಯ ಹಂತ ಎಲ್ಲವೂ ಸಾಮಾನ್ಯ ಕಾರ್ಯಸ್ಥಿತಿಯೇ’ ಅಂತ ಬರೆಸಬೇಕು. ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್, ಬಿಸಿ ಅಳೆಯುವ ಥರ್ಮೋಕಪಲ್, ಬಿಸಿ ಏರಿದರೆ ತಾನಾಗಿ ತೆರೆಯುವ ತಣ್ಣಗಾಳಿ ಡ್ಯಾಂಪರ್ ಯಾರ ಸ್ಕೋಪ್ (ಯಾರು ಕೊಡಬೇಕು) ಅನ್ನುವುದನ್ನೂ. ಇಲ್ಲಿ ಮೂರೂ ಯಾರ ಸ್ಕೋಪಿನಲ್ಲೂ ಇರಲಿಲ್ಲ. ಬ್ಯಾಗಿಗೆ ಪ್ರತ್ಯೇಕವಾಗಿ 12 ತಿಂಗಳ ಬಾಳಿಕೆ ಕೇಳಿ.

ವಾರಂಟಿ ಸಾಲು ಎಲ್ಲರ ಕೊಟೇಷನ್‌ನಲ್ಲೂ ಒಂದೇ ಥರ: ಚಾಲನೆಯಿಂದ 12 ತಿಂಗಳು ಅಥವಾ ಡಿಸ್ಪ್ಯಾಚ್‌ನಿಂದ 18 ತಿಂಗಳು, ಯಾವುದು ಮೊದಲೋ ಅದು. ಮಾಲು ಬಂತು, ಮಳೆಗಾಲ ಹಿಡಿಯಿತು, ಫೌಂಡೇಶನ್ ಆಗಲಿಲ್ಲ, ತಾಡಪತ್ರಿ ಹೊದಿಸಿ ಇಟ್ಟರು. ಚಾಲನೆಯಾಗುವಷ್ಟರಲ್ಲಿ ವಾರಂಟಿ ಅರ್ಧ ಮುಗಿದಿತ್ತು. ಗಡಿಯಾರ ಟೆಸ್ಟ್ ಪಾಸಾದ ದಿನದಿಂದ ಶುರುವಾಗಲಿ.

ಟೆಸ್ಟ್ ಹೇಗೆ ಅಂತಲೂ ಬರೆಯಬೇಕು. ಐ.ಎಸ್. 11255 ಭಾಗ 1ರ ಪ್ರಕಾರ ಐಸೊಕೈನೆಟಿಕ್ ಸ್ಯಾಂಪಲ್ (ಹೊಗೆ ಹರಿಯುವ ವೇಗದಲ್ಲೇ ಎಳೆದದ್ದು), ಮಾನ್ಯತೆ ಪಡೆದ ಲ್ಯಾಬ್, ಲ್ಯಾಬ್ ಆಯ್ಕೆ ನಿಮ್ಮದು, ಮೂರು ಸ್ಯಾಂಪಲ್‌ಗಳ ಸರಾಸರಿ. ಸ್ಯಾಂಪಲ್ ತೆಗೆಯುವ ಪೋರ್ಟ್ ಇರಬೇಕಾದದ್ದು ಬೆಂಡಿನಿಂದ ಮೇಲಕ್ಕೆ ಚಿಮಣಿ ವ್ಯಾಸದ ಎಂಟು ಪಟ್ಟು, ಬಾಯಿಂದ ಕೆಳಕ್ಕೆ ಎರಡು ಪಟ್ಟು ದೂರದಲ್ಲಿ. 500 ಮಿ.ಮೀ. ಚಿಮಣಿಗೆ 4 ಮೀಟರ್ ಮತ್ತು 1 ಮೀಟರ್. ಇಲ್ಲಿ ಏಣಿ ಉಳಿಸಲು ಬೆಂಡಿನ ನೆತ್ತಿಗೇ ಪೋರ್ಟ್ ಕೊರೆದಿದ್ದರು, ಅಂಥ ಕಡೆ ತೆಗೆದ ರಿಪೋರ್ಟಿನ ಮೇಲೆ ಯಾರು ಬೇಕಾದರೂ ತಕರಾರು ತೆಗೆಯಬಹುದು. ಪೋರ್ಟ್, ಪ್ಲಾಟ್‌ಫಾರ್ಮ್, ಏಣಿ ಸಪ್ಲೈಯರ್ ಸ್ಕೋಪಿಗೆ ಹಾಕಿ.

ಹಣದ ಕಂತು 40–50–10 ಇತ್ತು, ಕೊನೆಯ 10 ಕೂಡ ‘ಚಾಲನೆ’ಗೆ. ಬ್ಲೋವರ್ ತಿರುಗಿದರೆ ಚಾಲನೆಯಾಯಿತು! ನಮ್ಮ ಪ್ರಕಾರ ಅಡ್ವಾನ್ಸ್ 20, ಅದೂ ಬ್ಯಾಂಕ್ ಗ್ಯಾರಂಟಿ ಮೇಲೆ, ಅವರ ಶಾಪಿಗೆ ಹೋಗಿ ಬ್ಯಾಗ್ ಎಣಿಸಿದ ಮೇಲೆ 50, ಜೋಡಣೆಗೆ 15, ಸ್ಟ್ಯಾಕ್ ಟೆಸ್ಟ್ ಪಾಸಾದರೆ ಉಳಿದ 15. ಮಷಿನ್ನಿನ ಕರೆಂಟ್ ಖರ್ಚು ಹೇಳಿದ್ದಕ್ಕಿಂತ ಹೆಚ್ಚಾದರೆ ಸಪ್ಲೈಯರ್ ಹಣದಲ್ಲಿ ದಂಡ ಹಿಡಿದು ಬಿಡಬಹುದು. ದೂಳು ಮಿತಿ ದಾಟಿದರೆ ದಂಡದಿಂದ ಏನೂ ಆಗದು, ಮಂಡಳಿ ದಂಡದ ರಸೀದಿ ನೋಡಿ ಬಿಡುವುದಿಲ್ಲ. ಅದಕ್ಕೆ ‘60 ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು, ಆಗದಿದ್ದರೆ ಮಷಿನ್ ವಾಪಸ್, ಹಣ ವಾಪಸ್’ ಅಂತಲೇ ಇರಬೇಕು. ‘ದೋಷಯುಕ್ತ ಭಾಗ ಬದಲಿಸಿಕೊಡುತ್ತೇವೆ’ ಅನ್ನುವುದು ಇದಕ್ಕೆ ಸಮವಲ್ಲ. ಬಂದ 80 ಬ್ಯಾಗಿನಲ್ಲಿ ತಯಾರಿಕೆಯ ದೋಷವಿರುವ ಬ್ಯಾಗ್ ಒಂದೂ ಇರಲಿಲ್ಲ, 40 ಕಡಿಮೆ ಇದ್ದವು.

ಕೊನೆಯ ಕಂತು ತಡೆಹಿಡಿಯುವವರಿಗೆ ಇನ್ನೊಂದು ಮಾತು. ಸಪ್ಲೈಯರ್ ಸಣ್ಣ ಉದ್ಯಮವಾಗಿ ನೋಂದಾಯಿಸಿದ್ದರೆ 2006ರ ಎಂ.ಎಸ್.ಎಂ.ಇ.ಡಿ. (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ 45 ದಿನ ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ, ದೂರು ನಡೆಯುವುದೂ ಇಂಥ ಬಾಕಿ ತಂಟೆ ತೀರಿಸುವ, ಅವನ ಕಡೆಯ ಕೌನ್ಸಿಲ್‌ನಲ್ಲಿ. ಮಾಲು ಬಂದ 15 ದಿನದೊಳಗೆ ಲಿಖಿತ ಆಕ್ಷೇಪ ಹೋಗದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಏಜೆಂಟ್ ಬಂದು ‘ಪತ್ರ ಗಿತ್ರ ಯಾಕ್ರೀ ಸಾಹೇಬ್ರ, ನಾವ್ ಅದೀವಲ್ಲ’ ಅಂದರೂ ಬ್ಯಾಗ್ ಎಣಿಸಿ, ಅಳತೆ ಹಿಡಿದು, ಕಡಿಮೆ ಇದ್ದದ್ದನ್ನು ಇ-ಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಆ 15 ದಿನದೊಳಗೇ ಕಳಿಸಿ.