ಸ್ಪೋರ್ಟ್ಸ್18: ಫೋನಿನಲ್ಲಿ ಗೆದ್ದು ಟಿವಿಯಲ್ಲಿ ಸೋತ ಚಾನೆಲ್

2022ರ ಏಪ್ರಿಲ್‌ನಲ್ಲಿ ಸ್ಟಾರ್ ಸ್ಪೋರ್ಟ್ಸ್ ಎದುರು ತೊಡೆ ತಟ್ಟಿ ನಿಂತ ಸ್ಪೋರ್ಟ್ಸ್18, 2025ರ ಮಾರ್ಚ್‌ನಲ್ಲಿ ಅದೇ ಸ್ಟಾರ್ ಹೆಸರಿನೊಳಗೆ ಕರಗಿತು. ನೋಡುಗರ ಕಡೆಯಿಂದ ಅಂಕ ಕೊಡುವುದಾದರೆ, ಪಂದ್ಯಗಳನ್ನು ಫೋನಿಗೆ ತಂದ ಜಿಯೋಸಿನಿಮಾ ಆ್ಯಪ್‌ಗೆ ಐದಕ್ಕೆ ನಾಲ್ಕು, ಚಾನೆಲ್‌ಗೆ ಎರಡು. ಒಂದೇ ಕಂಪನಿಯ ಎರಡು ಸೇವೆಗಳ ನಡುವೆ ಇಷ್ಟು ಅಂತರ ಏಕೆ ಬಂತು ಎನ್ನುವುದನ್ನು ತಿಳಿಯಲು ಹರಾಜಿನ ಲೆಕ್ಕವನ್ನೇ ನೋಡಬೇಕು.

2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷಗಳ ಹಕ್ಕು ಮಾರಾಟವಾಯಿತು. ಟಿವಿ ಹಕ್ಕನ್ನು 23,575 ಕೋಟಿಗೆ ಸ್ಟಾರ್ ಉಳಿಸಿಕೊಂಡಿತು. ಸ್ಪೋರ್ಟ್ಸ್18 ನಡೆಸುತ್ತಿದ್ದ ವಯಾಕಾಮ್18 ಡಿಜಿಟಲ್ ಹಕ್ಕಿನ ಎರಡು ಪ್ಯಾಕೇಜ್‌ಗಳಿಗೆ 23,758 ಕೋಟಿ ಸುರಿಯಿತು. ಅಂದರೆ ಹೆಚ್ಚೂಕಡಿಮೆ ಅಷ್ಟೇ ದುಡ್ಡು ಹಾಕಿದ ಕಂಪನಿಯ ಸ್ವಂತ ಕ್ರೀಡಾ ಚಾನೆಲ್‌ನಲ್ಲಿ ಐಪಿಎಲ್ಲೇ ಇಲ್ಲ! ಸ್ಪೇನ್‌ನ ಫುಟ್‌ಬಾಲ್ ಲೀಗ್ ಲಾ ಲಿಗಾ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಚೆನ್ನಾಗಿಯೇ ಬಂದವು, ಮಹಿಳಾ ಪ್ರೀಮಿಯರ್ ಲೀಗ್ ಕೂಡ ಬಂತು. ಆದರೆ ಕೇಬಲ್‌ನವರಿಗೆ ಫೋನ್ ಮಾಡಿ ಚಾನೆಲ್ ಹಾಕಿಸಿಕೊಳ್ಳುವಂತೆ ಮಾಡುವುದು ಏಪ್ರಿಲ್, ಮೇ ತಿಂಗಳ ಸಂಜೆಗಳು. ಆ ಸಂಜೆಗಳೆಲ್ಲ ಎದುರಾಳಿಯ ಕೈಯಲ್ಲಿದ್ದವು.

ಭಾರತದ ತವರು ಪಂದ್ಯಗಳು ಸಿಕ್ಕಿದ್ದು 2023ರ ಸೆಪ್ಟೆಂಬರ್‌ನಿಂದ. 88 ಪಂದ್ಯಗಳಿಗೆ 5,963 ಕೋಟಿ, ಪಂದ್ಯವೊಂದಕ್ಕೆ ಸುಮಾರು 67.75 ಕೋಟಿ. ಇಲ್ಲಿ ಇನ್ನೊಂದು ತೊಡಕಿತ್ತು. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಅಲ್ಲಿ ಬರುವ ಜಾಹೀರಾತು ಹಣದಲ್ಲಿ ಹಕ್ಕುದಾರರಿಗೆ 75, ಪ್ರಸಾರ ಭಾರತಿಗೆ 25 ಪಾಲು. ಪ್ರಸಾರ ಭಾರತಿಯದೇ ಪುಕ್ಕಟೆ ಸೇವೆಯಾದ ಡಿಡಿ ಫ್ರೀ ಡಿಶ್ ಇರುವ ಮನೆಗೆ ಹೊಸ ಚಾನೆಲ್‌ನ ಅಗತ್ಯವೇ ಬೀಳಲಿಲ್ಲ. ಸ್ಟಾರ್‌ಗೂ ಇದೇ ನಿಯಮ, ನಿಜ. ಆದರೆ ಸ್ಟಾರ್ ಕೈಯಲ್ಲಿದ್ದ ಐಪಿಎಲ್ ಈ ಕಾಯ್ದೆಯ ಪಟ್ಟಿಯಲ್ಲಿಲ್ಲ. ಹಾಗಾಗಿ ಪೆಟ್ಟು ಸ್ಪೋರ್ಟ್ಸ್18ಗೆ ಜಾಸ್ತಿ ತಾಗಿತು.

ಕನ್ನಡದವರಿಗೆ ಏನು ಸಿಕ್ಕಿತು? ಸ್ಟಾರ್ ಕನ್ನಡಕ್ಕೆಂದೇ ಕ್ರೀಡಾ ಚಾನೆಲ್ ಇಟ್ಟಿತ್ತು. ವಯಾಕಾಮ್18 ಮಾತ್ರ ತವರು ಪಂದ್ಯಗಳ ಕನ್ನಡ ಪ್ರಸಾರವನ್ನು ಕಲರ್ಸ್ ಕನ್ನಡ ಸಿನಿಮಾದಲ್ಲಿ ಹಾಕಿತು. ಆ ಚಾನೆಲ್ ಮೊದಲೇ ಇದ್ದ ಮನೆಗೆ ಹೊಸದು ಹಾಕಿಸುವ ಗೋಜಿಲ್ಲ. ಅಷ್ಟರ ಮಟ್ಟಿಗೆ ಜಾಣತನವೇ. ಆದರೆ 2024ರ ಜನವರಿ 17ರ ರಾತ್ರಿಯಂಥದ್ದನ್ನು ನೆನೆಯಿರಿ. ಚಿನ್ನಸ್ವಾಮಿಯಲ್ಲಿ ರೋಹಿತ್ ಶರ್ಮಾ ಅಜೇಯ 121, ಭಾರತ 212, ಅಫ್ಘಾನಿಸ್ತಾನವೂ 212. ಮೊದಲ ಸೂಪರ್ ಓವರ್‌ನಲ್ಲಿ ಎರಡೂ ಕಡೆ 16. ಎರಡನೆಯದರಲ್ಲಿ ಭಾರತ 11 ಹೊಡೆದರೆ, ರವಿ ಬಿಷ್ಣೋಯಿ ಮೂರೇ ಎಸೆತದಲ್ಲಿ ಎರಡು ವಿಕೆಟ್ ಕಿತ್ತು ಮುಗಿಸಿದರು. ಇಂಥ ಪಂದ್ಯದ ಮರುದಿನ ನೋಡುಗ ಅದೇ ನಂಬರ್ ಒತ್ತಿದಾಗ ಕನ್ನಡದಲ್ಲಿ ಅದರ ಚರ್ಚೆ, ಮುಖ್ಯಾಂಶ ಬರಬೇಕು. ಸಿನಿಮಾ ಚಾನೆಲ್‌ನಲ್ಲಿ ಬರುವುದು ಸಿನಿಮಾ. ಪಂದ್ಯವಿಲ್ಲದ ದಿನ ಏನು ತೋರಿಸುತ್ತೀರಿ ಎನ್ನುವುದರ ಮೇಲೆ ಕ್ರೀಡಾ ಚಾನೆಲ್ ನಿಲ್ಲುತ್ತದೆ, ಬೀಳುತ್ತದೆ.

ಆ್ಯಪ್‌ನ ಕಥೆ ಬೇರೆ. ಕತಾರ್ ಫುಟ್‌ಬಾಲ್ ವಿಶ್ವಕಪ್‌ನ ಮೊದಲ ದಿನ, 2022ರ ನವೆಂಬರ್ 20ರಂದು, ಜಿಯೋಸಿನಿಮಾ ಬಫರಿಂಗ್‌ನಿಂದ ದೇಶದ ತುಂಬ ಬೈಗುಳ ತಿಂದಿತು. ನೇರ ಪ್ರಸಾರದಲ್ಲಿ ವಿಡಿಯೋವನ್ನು ಕೆಲವು ಸೆಕೆಂಡ್‌ಗಳ ತುಣುಕುಗಳಾಗಿ ಕತ್ತರಿಸಿ, ಆಯಾ ಊರಿಗೆ ಹತ್ತಿರದ ಸರ್ವರ್‌ಗಳಿಂದ ಕಳಿಸುತ್ತಾರೆ. ಪಂದ್ಯ ಶುರುವಾಗುವ ಹೊತ್ತಿಗೆ ಲಕ್ಷಾಂತರ ಜನ ಒಟ್ಟಿಗೆ ನುಗ್ಗಿದರೆ ಈ ವ್ಯವಸ್ಥೆಗೆ ಉಸಿರು ಕಟ್ಟುತ್ತದೆ. ಪ್ಲೇಯರ್ ಎರಡು ಮೂರು ತುಣುಕು ಕೂಡಿಟ್ಟುಕೊಂಡೇ ತೋರಿಸುವುದರಿಂದ, ಪಕ್ಕದ ಮನೆಯ ಟಿವಿಯಲ್ಲಿ ಸಿಕ್ಸರ್ ಕೂಗು ಎದ್ದಾಗ ನಿಮ್ಮ ಫೋನಿನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ವಿಳಂಬ ಪೂರ್ತಿ ಹೋಗಲಿಲ್ಲ, ಬಫರಿಂಗ್ ಮಾತ್ರ ಬಹುಮಟ್ಟಿಗೆ ಹೋಯಿತು. 2023ರ ಐಪಿಎಲ್ ಕನ್ನಡವೂ ಸೇರಿ 12 ಭಾಷೆಗಳಲ್ಲಿ, 4ಕೆಯಲ್ಲಿ, ಪುಕ್ಕಟೆಯಾಗಿ ಬಂತು. ಫೈನಲ್ ದಿನ ಏಕಕಾಲಕ್ಕೆ 3.2 ಕೋಟಿ ಜನ ನೋಡಿದರು. ಭಾಷೆ ಬದಲಿಸಲು ಬೇರೆ ಪ್ಯಾಕ್ ಬೇಡ, ಒಂದು ಬಟನ್ ಸಾಕು. ಕನ್ನಡ ಕಾಮೆಂಟರಿಗೆ ಇದು ನಿಜವಾದ ಉಪಕಾರ.

ಪುಕ್ಕಟೆ ಕೊಟ್ಟದ್ದೇ ಇಬ್ಬರಿಗೂ ಭಾರವಾಯಿತು. ಸ್ಟಾರ್‌ನ ಆ್ಯಪ್ ಹಾಟ್‌ಸ್ಟಾರ್ ಕೂಡ ಮಣಿದು ಕ್ರಿಕೆಟ್‌ನ 2023ರ ಏಷ್ಯಾ ಕಪ್, ವಿಶ್ವಕಪ್‌ಗಳನ್ನು ಮೊಬೈಲ್‌ನಲ್ಲಿ ಉಚಿತ ಮಾಡಿತು. ಹಕ್ಕಿಗೆ ಸಾವಿರಾರು ಕೋಟಿ, ವಸೂಲಿಗೆ ಬರೀ ಜಾಹೀರಾತು. 2024ರ ನವೆಂಬರ್ 14ಕ್ಕೆ ಎರಡೂ ಸಂಸ್ಥೆಗಳ ವಿಲೀನ ಮುಗಿಯಿತು, 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಬಂತು.

ನಿಮ್ಮ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಆಗ ಬಿಡಿಯಾಗಿ ಹಾಕಿಸಿದ ಚಾನೆಲ್‌ಗಳು ಇನ್ನೂ ಇದ್ದರೆ ಬಿಲ್ ತೆಗೆದು ನೋಡಿ. ಕ್ರಿಕೆಟ್‌ಗೆಂದು ಸೇರಿಸಿದ ಸಿನಿಮಾ ಚಾನೆಲ್ ನೋಡದಿದ್ದರೆ ತೆಗೆಸಿಬಿಡಿ. ಎಚ್‌ಡಿ ಚಾನೆಲ್ ಇದ್ದರೆ ಅದನ್ನು ಬಿಲ್‌ನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ ಎನ್ನುವುದನ್ನೂ ಕೇಬಲ್‌ನವರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.