ಮೇಲಚ್ಚಿನ ಅಂಚೆ ಚೀಟಿಗಳ ಪರೀಕ್ಷೆಗೆ ಒಂದು ಅಗ್ಗದ ಸೂಕ್ಷ್ಮದರ್ಶಕ

ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ 1,850 ರೂಪಾಯಿ ಕೊಟ್ಟು ತಂದ ಯುಎಸ್‌ಬಿ ಸೂಕ್ಷ್ಮದರ್ಶಕವನ್ನು ಮೂರು ತಿಂಗಳಿಂದ ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಆಕ್ರಮಿತ ವಲಯಗಳಲ್ಲಿ ಮೇಲಚ್ಚು (ಆಗಲೇ ಅಚ್ಚಾದ ಚೀಟಿಯ ಮೇಲೆ ಮತ್ತೆ ಹಾಕುವ ಅಕ್ಷರ ಅಥವಾ ಚಿತ್ರ) ಒತ್ತಿ ಹೊರಡಿಸಿದ ಅಂಚೆ ಚೀಟಿಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ನೋಡುವುದೇ ಆ ಕೆಲಸ. ಪೆಟ್ಟಿಗೆಯ ಮೇಲೆ ‘1000 ಪಟ್ಟು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಅದನ್ನು ನಂಬಬೇಡಿ. ಪರದೆಯ ಮೇಲೆ ಚೊಕ್ಕಟವಾಗಿ ಕಾಣುವುದು ಸುಮಾರು 50 ಪಟ್ಟಿನವರೆಗೆ ಮಾತ್ರ. ಚೀಟಿಗೆ ಅಷ್ಟೇ ಸಾಕು.

ಎಲ್ಲ ಚೀಟಿಗೂ ಈ ಉಪಕರಣ ಬೇಕಾಗಿಲ್ಲ. 1948ರ ಜೂನ್‌ನಲ್ಲಿ ಪಶ್ಚಿಮ ವಲಯಗಳಿಗೆ ಹೊಸ ಮಾರ್ಕ್ ಬಂದಾಗ, ಹಳೆಯ ಹಣ ಕೊಟ್ಟು ಕೊಂಡಿಟ್ಟ ಚೀಟಿಗಳು ಹೊಸ ಬೆಲೆಗೆ ಚಲಾವಣೆಯಾಗದಿರಲೆಂದು, ಅಮೆರಿಕ ಮತ್ತು ಬ್ರಿಟನ್ನಿನ ವಲಯದಲ್ಲಿ ದಾಸ್ತಾನಿನ ಮೇಲೆ ಅಂಚೆ ಕೊಂಬಿನ (ಹಿಂದೆ ಅಂಚೆಯವರು ಊದುತ್ತಿದ್ದ ಕಹಳೆಯ) ಚಿತ್ರವನ್ನು ಒತ್ತಿದರು. ಕೊಂಬುಗಳು ಪಟ್ಟಿಯಾಗಿ ಸಾಗಿದ್ದರೆ ಒಂದು ಬಗೆ, ಚೀಟಿಯ ತುಂಬ ಬಲೆಯಂತೆ ಹರಡಿದ್ದರೆ ಇನ್ನೊಂದು. ಇದು ಬರಿಗಣ್ಣಿಗೇ ತಿಳಿಯುತ್ತದೆ.

ಉಪಕರಣದ ಬೆಲೆ ಗೊತ್ತಾಗುವುದು ‘ಬರ್ಲಿನ್’ ಎಂದು ಓರೆಯಾಗಿ ಒತ್ತಿದ ಚೀಟಿಗಳಲ್ಲಿ. 1948ರ ಸೆಪ್ಟೆಂಬರ್‌ನಲ್ಲಿ ಕಪ್ಪು ಮಸಿಯಲ್ಲೂ 1949ರ ಜನವರಿಯಲ್ಲಿ ಕೆಂಪು ಮಸಿಯಲ್ಲೂ ಬಂದ ಈ ಚೀಟಿಗಳಿಗೆ ನಕಲಿಗಳು ಹೇರಳ. ಪ್ರದರ್ಶನವೊಂದರಲ್ಲಿ ಕೊಂಡ ಪೊಟ್ಟಣದಲ್ಲಿ ನನಗೊಂದು ಕೆಂಪು ‘ಬರ್ಲಿನ್’ ಸಿಕ್ಕಿತ್ತು. ಉಪಕರಣದ ಸುತ್ತಲಿನ ಪುಟ್ಟ ದೀಪಗಳನ್ನು ಆರಿಸಿ, ಮೊಬೈಲಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟಾಗ, ಅಂಚೆ ಮೊಹರಿನ ಕಪ್ಪು ಗೆರೆಯ ಮೇಲೆ ಕೆಂಪು ಮಸಿ ಹತ್ತಿ ಇಳಿದದ್ದು ಕಂಡಿತು. ಅಕ್ಷರದ ಅಂಚಿನಾಚೆಗೆ ಇಂಕ್‌ಜೆಟ್ ಯಂತ್ರದ ಸಣ್ಣ ಚುಕ್ಕೆಗಳೂ ಚದುರಿದ್ದವು. ಅಂದರೆ, ಬಳಸಿ ಬಿಸಾಡಿದ ಸಾಧಾರಣ ಚೀಟಿಗೆ ಯಾರೋ ಇತ್ತೀಚೆಗೆ ಹೆಸರು ಸೇರಿಸಿದ್ದರು. ದೀಪ ಆರಿಸುವ ಉಪಾಯ ಮುಖ್ಯ: ಮೇಲಿನಿಂದ ನೇರ ಬೆಳಕು ಬಿದ್ದರೆ ಮಸಿ ಹೊಳೆದು, ಯಾವುದು ಮೇಲೆ ಯಾವುದು ಕೆಳಗೆ ಎಂಬುದರಲ್ಲಿ ಕಣ್ಣು ಮೋಸಹೋಗುತ್ತದೆ.

ಆದರೆ ಸೋವಿಯತ್ ವಲಯದ ಕೈಮುದ್ರೆಗಳ ಮುಂದೆ ಈ ಉಪಕರಣ ಸೋಲುತ್ತದೆ. 1948ರ ಜೂನ್ 24ರಿಂದ, ಯಂತ್ರದ ಮೇಲಚ್ಚು ಸಿದ್ಧವಾಗುವವರೆಗೆ, ಊರೂರಿನ ಅಂಚೆ ಕಚೇರಿಗಳಲ್ಲಿ ಊರ ಹೆಸರೂ ಜಿಲ್ಲೆಯ ಸಂಖ್ಯೆಯೂ ಇರುವ ಮುದ್ರೆಗಳನ್ನು ಕೈಯಿಂದಲೇ ಒತ್ತಿದರು. ಬರ್ಲಿನ್ನಿಗೆ 3, ಡ್ರೆಸ್ಡೆನ್ನಿಗೆ 14, ಲೈಪ್‌ಜಿಗ್‌ಗೆ 27. ನಕಲು ಮಾಡುವವನೂ ರಬ್ಬರ್ ಮುದ್ರೆಯನ್ನು ಕೈಯಿಂದಲೇ ಒತ್ತುವುದರಿಂದ ಮಸಿ ಹರಡಿದ ರೀತಿ ಏನನ್ನೂ ಹೇಳುವುದಿಲ್ಲ. ಇಲ್ಲಿ ಪರಿಣತರ ಪ್ರಮಾಣಪತ್ರವೇ ದಾರಿ. ಅದಕ್ಕಾಗುವ ಖರ್ಚು ಬಹುಪಾಲು ಚೀಟಿಗಳ ಬೆಲೆಯನ್ನೇ ಮೀರುತ್ತದೆ ಎಂಬುದು ಬೇರೆ ಮಾತು.

ನಮ್ಮವೇ ಚೀಟಿಗಳನ್ನೂ ಇದರಡಿ ಇಟ್ಟು ನೋಡಿದೆ. ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯಾದಲ್ಲಿ ಯುದ್ಧಕೈದಿಗಳನ್ನು ತವರಿಗೆ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದಾಗ, ಅಲ್ಲಿದ್ದ ಭಾರತೀಯ ಪಡೆಗೆಂದು 1953ರಲ್ಲಿ 12 ಬೆಲೆಗಳ ಚೀಟಿಗಳಿಗೆ ನಾಗರಿಯಲ್ಲಿ ಮೇಲಚ್ಚು ಹಾಕಿದ್ದರು. ನನ್ನಲ್ಲಿರುವ ಮೂರು ಪೈ ಬೆಲೆಯ ಚೀಟಿಯಲ್ಲಿ ಅಕ್ಷರಗಳ ಅಂಚಿಗೆ ಮಸಿ ಒತ್ತಿಕೊಂಡು ತುಸು ಗಾಢವಾಗಿ ನಿಂತಿದೆ; ಅಚ್ಚುಮೊಳೆಯ ಒತ್ತಡ ಹೀಗೆಯೇ ಕಾಣಬೇಕು.

ದೂರು ಇರುವುದು ಪ್ಲಾಸ್ಟಿಕ್ ನಿಲುವಿನ ಬಗ್ಗೆ. ನಮ್ಮ ಮನೆ ಬಸ್ಸು ಓಡಾಡುವ ರಸ್ತೆಯಲ್ಲಿದೆ, ಪ್ರತಿ ಬಸ್ಸಿಗೂ ಪರದೆಯ ಮೇಲಿನ ಚೀಟಿ ನಡುಗುತ್ತದೆ. ಈಗ ಅಡುಗೆಮನೆಯ ಕಡಪ ಕಲ್ಲಿನ ಮೇಲಿಟ್ಟು, ರಾತ್ರಿ ಹತ್ತರ ಮೇಲೆ ನೋಡುತ್ತೇನೆ. ಕೊಳ್ಳುವವರು ಲೋಹದ ನಿಲುವಿರುವುದನ್ನೇ ಕೇಳಿ ಪಡೆಯಲಿ. ನಾನು ಕೇಳಿದಾಗ ನಾನೂರು ರೂಪಾಯಿ ಹೆಚ್ಚು ಎಂದಿದ್ದರು, ಜಿಪುಣತನ ಮಾಡಿ ಬಿಟ್ಟುಬಂದೆ.