ಕೇಜ್, ಆಡಿಟ್-ಸಿ, ಆಡಿಟ್: ಓಪಿಡಿಯಲ್ಲಿ ಕುಡಿತದ ಪತ್ತೆಗೆ ಯಾವುದು?

ಈ ಮೂರೂ ಕುಡಿತದ ತೊಂದರೆ ಪತ್ತೆಗೆ ರೋಗಿಗೆ ಕೇಳುವ ಪ್ರಶ್ನಾವಳಿಗಳು. ಕೇಜ್‌ನಲ್ಲಿ ನಾಲ್ಕೇ ಪ್ರಶ್ನೆ: ಕುಡಿತ ಕಡಿಮೆ ಮಾಡಬೇಕೆನಿಸಿದೆಯೇ, ಬೇರೆಯವರ ಟೀಕೆಗೆ ಸಿಟ್ಟು ಬಂದಿದೆಯೇ, ತಪ್ಪು ಮಾಡುತ್ತಿದ್ದೇನೆ ಎಂದು ಕಾಡಿದೆಯೇ, ಬೆಳಿಗ್ಗೆ ಎದ್ದ ಕೂಡಲೇ ಕುಡಿದದ್ದುಂಟೇ. ಎರಡಕ್ಕೆ ಹೌದೆಂದರೆ ಮುಂದೆ ವಿಚಾರಿಸಬೇಕು. ಆದರೆ ಎಷ್ಟು ಕುಡಿಯುತ್ತಾರೆ ಎಂಬುದನ್ನೇ ಇದು ಕೇಳುವುದಿಲ್ಲ. ಚಟ ಹತ್ತುವ ಮೊದಲಿನ ಅಪಾಯದ ಕುಡಿತ ಇದಕ್ಕೆ ಸುಲಭವಾಗಿ ತಪ್ಪಿಹೋಗುತ್ತದೆ.

ನೂಕುನುಗ್ಗಲಿನ ಓಪಿಡಿಗೆ ಆಡಿಟ್-ಸಿಯೇ ಮೇಲು. ಮೂರು ಪ್ರಶ್ನೆ (ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಡ್ರಿಂಕ್, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಕುಡಿಯುವುದು ಎಷ್ಟು ಸಲ), ಒಟ್ಟು 12 ಅಂಕ. ಗಂಡಸರಿಗೆ 4, ಹೆಂಗಸರಿಗೆ 3 ಅಥವಾ ಹೆಚ್ಚು ಬಂದರೆ ಎಚ್ಚರ. ಎಡವುವುದು ಅಳತೆಯಲ್ಲಿ. ‘ದಿನಾ ಒಂದು ಕ್ವಾರ್ಟರ್’ ಅಂದರೆ ‘ಒಂದು’ ಎಂದು ಬರೆದುಕೊಳ್ಳಬೇಡಿ. 30 ಮಿ.ಲೀ. ವಿಸ್ಕಿ ಅಥವಾ ರಮ್ ಒಂದು ಡ್ರಿಂಕ್, ಸುಮಾರು 10 ಗ್ರಾಂ ಆಲ್ಕೋಹಾಲ್. 180 ಮಿ.ಲೀ. ಎಂದರೆ ಆರು! ಸರಿಯಾಗಿ ಎಣಿಸಿದರೆ ಆ ರೋಗಿಗೆ 10 ಅಂಕ. ‘ಒಂದು’ ಎಂದೇ ಹಿಡಿದರೆ ಬರೀ 4.

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್‌ನಲ್ಲಿ 10 ಪ್ರಶ್ನೆ, 40 ಅಂಕ; ಅದರ ಮೊದಲ ಮೂರು ಪ್ರಶ್ನೆಗಳೇ ಆಡಿಟ್-ಸಿ. ಎಲ್ಲರಿಗೂ ಬೇಡ, ಆಡಿಟ್-ಸಿಯಲ್ಲಿ ಸಿಕ್ಕವರಿಗೆ ಉಳಿದ ಏಳನ್ನು ಕೇಳಿ. 8ರಿಂದ 15 ಬಂದರೆ ಸಲಹೆ, 19ರವರೆಗೆ ಆಪ್ತಸಮಾಲೋಚನೆ ಮತ್ತು ನಿಗಾ, 20 ಮುಟ್ಟಿದರೆ ತಜ್ಞರ ಬಳಿಗೆ. ಅಂಥವರಿಗೆ ‘ಇವತ್ತೇ ಬಿಟ್ಟುಬಿಡಿ’ ಎಂದು ಹೇಳಿ ಕಳಿಸಬೇಡಿ: ದಿನವೂ ವಿಪರೀತ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಎರಡೇ ದಿನದಲ್ಲಿ ಫಿಟ್ಸ್ ಬರಬಹುದು.